ಕಂಬದ ಹಿಂದಿನ ಕಪ್ಪು

ನಮ್ಮ ಅತ್ತೆಯ ಮದುವೆಗೆ ಅವರ ಅಪ್ಪ ಬಂದಿದ್ದರೋ, ಇಲ್ಲವೋ?

ನೀವು ನಗಬಹುದು. ಆದರೆ ನನ್ನ ಹೆಂಡತಿಯ ತವರಿನಲ್ಲಿ ಈ ಪ್ರಶ್ನೆಗೆ ಆ ಮದುವೆಯಷ್ಟೇ ವಯಸ್ಸಾಗಿದೆ. ಕಡಬದ ಟೈಲರನ್ನೇ (ಅಂದರೆ ನನ್ನ ಮಾವನನ್ನೇ) ಮದುವೆಯಾಗುತ್ತೇನೆಂದು ಅತ್ತೆ ಹಟ ಹಿಡಿದಾಗ, ಕೊಲ್ಲಮೊಗ್ರಿನ ಅಜ್ಜ (ಅತ್ತೆಯ ಅಪ್ಪ) "ನಾನು ಆ ಚಪ್ಪರಕ್ಕೆ ಕಾಲಿಡುದಿಲ್ಲ" ಎಂದಿದ್ದರಂತೆ. ಮದುವೆ ಮಾವನ ಮನೆಯ ಅಂಗಳದಲ್ಲೇ ಆಯಿತು. ಧಾರೆ ಎರೆದದ್ದು ಅತ್ತೆಯ ಅಣ್ಣ (ಈಗ ಅವರೂ ಇಲ್ಲ).

ಅಪ್ಪ ಬರಲೇ ಇಲ್ಲ ಎನ್ನುವುದು ಅತ್ತೆಯ ಅಕ್ಕ, ನಮ್ಮ ದೊಡ್ಡಮ್ಮನ ವಾದ. ಬಂದಿದ್ದರು, ಗ್ರೂಪ್ ಫೋಟೋ ತೆಗೆಯುವಾಗ ಕಂಬದ ಹಿಂದೆ ನಿಂತಿದ್ದರು ಎನ್ನುವುದು ಅತ್ತೆಯ ವಾದ. ಅಪ್ಪನನ್ನೇ ಕೇಳೋಣವೆಂದರೆ, ಅತ್ತೆಯೊಡನೆ ಮಾತು ಬಿಟ್ಟವರು ಮರುವರ್ಷ ಹಾಗೆಯೇ ತೀರಿಕೊಂಡರು.

ಫೋಟೋ ನೋಡಿದರಾಯಿತಲ್ಲ? ನೋಡಿದ್ದಾರೆ. ಕಂಬದ ಹಿಂದೆ ಬರೀ ಕಪ್ಪು.

ಮೊನ್ನೆ ಅತ್ತೆಯ ಟ್ರಂಕಿನಲ್ಲಿ ಅದರ ನೆಗೆಟಿವ್ ಸಿಕ್ಕಿತು. ಪುತ್ತೂರಿನ ನಮ್ಮ ಮನೆಯಲ್ಲಿ ಸ್ಕ್ಯಾನರ್ ಇದೆಯಲ್ಲ, ಅಕ್ಕ ತಂಗಿ ಇಬ್ಬರೂ ಬಂದು ಕುಳಿತೇ ಬಿಟ್ಟರು. ನನಗೋ ಪುಕುಪುಕು. ಅಲ್ಲಿ ಯಾರೂ ಇಲ್ಲದಿದ್ದರೆ ಅತ್ತೆಯ ಮುಖ ನೋಡುವುದು ಹೇಗೆ?

ಮೊದಲ ಸ್ಕ್ಯಾನ್ ಬಂತು. ಮಾವನ ಬಿಳಿ ಶರ್ಟು ಫಳಫಳ. ಕಂಬದ ಹಿಂದೆ ಅದೇ ಕಪ್ಪು.

"ನೋಡಿದೆಯಾ? ನಿಂಗೆ ಭ್ರಾಂತು" ಎಂದರು ದೊಡ್ಡಮ್ಮ.

ಆಗ ಕಣ್ಣಿಗೆ ಬಿತ್ತು: ಸ್ಕ್ಯಾನರ್ ತಾನಾಗಿಯೇ ಚಿತ್ರ ತಿದ್ದುವ ಆಟೋ ಆನ್ ಆಗಿಯೇ ಇದೆ! ಈ ಆಟೋಗೆ ಗೊತ್ತಿರುವುದು ಒಂದೇ ವಿದ್ಯೆ. ಕಪ್ಪಿಗೆ ಹತ್ತಿರವಿದ್ದದ್ದನ್ನೆಲ್ಲ ಕಪ್ಪು ಮಾಡು, ಬಿಳಿಗೆ ಹತ್ತಿರವಿದ್ದದ್ದನ್ನೆಲ್ಲ ಬಿಳಿ ಮಾಡು. ಚಿತ್ರವೇನೋ ಚಂದ ಕಾಣುತ್ತದೆ. ನಡುವೆ ಇದ್ದವರ ಗತಿ? (ಮನೆಯ ಜಗಳಗಳಲ್ಲಿ ನಾವು ಮಾಡುವುದೂ ಇದನ್ನೇ ಅಲ್ಲವೇ?)

ಆಟೋ ಆಫ್ ಮಾಡಿದೆ. ನಡುವಿನ ಛಾಯೆಗಳು ಹೆಚ್ಚು ಸಿಗಲೆಂದು ಹದಿನಾರು ಬಿಟ್‌ಗೆ ಹಾಕಿದೆ. ಕಪ್ಪಿನಿಂದ ಬಿಳಿಯವರೆಗೆ ತೋರಿಸುವ ಗ್ರಾಫಿನ ಎರಡೂ ತುದಿಯಲ್ಲಿ ಏನೂ ಕತ್ತರಿಸಿ ಹೋಗದಂತೆ ಜಾಗ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದೆ.

"ಇದೆಂತ ಮಾರಾಯ್ರೆ, ಬೂದಿ ಹೊಯ್ದ ಹಾಗೆ ಉಂಟು!" ದೊಡ್ಡಮ್ಮನಿಗೆ ಅಸಮಾಧಾನ.

ಒಳ್ಳೆಯ ಸ್ಕ್ಯಾನ್ ಮೊದಲಿಗೆ ಹೀಗೆ ಸಪ್ಪೆಯಾಗಿಯೇ ಇರಬೇಕು. ಉಪ್ಪು ಖಾರ ಆಮೇಲೆ ಹಾಕಬಹುದು, ಕತ್ತರಿಸಿ ಹೋದದ್ದು ಮಾತ್ರ ವಾಪಸು ಬರುವುದಿಲ್ಲ. ನೆರಳಿನ ಭಾಗವನ್ನಷ್ಟೇ ಮೆಲ್ಲ ಮೆಲ್ಲನೆ ತಿಳಿ ಮಾಡುತ್ತಾ ಹೋದೆ. ಕಪ್ಪಿನೊಳಗಿಂದ ಮೊದಲು ಹೆಗಲ ಮೇಲಿನ ಬೈರಾಸು (ನಮ್ಮ ಕಡೆಯ ಟವೆಲು) ಬಂತು. ಆಮೇಲೆ ಒಂದು ಕಿವಿ. ಆಮೇಲೆ ಮೀಸೆ.

"ಅಪ್ಪ" ಎಂದರು ಅತ್ತೆ. ಅಷ್ಟೇ. ಅಬ್ಬಾ, ನನಗೂ ಹೋದ ಜೀವ ಬಂದಂತಾಯಿತು.

ಸಮಾಧಾನ ಎಷ್ಟು ಹೊತ್ತು? ಅತ್ತೆಯ ಮುಖ ಮತ್ತೆ ಸಣ್ಣದಾಯಿತು. "ಬಂದದ್ದು ಹೌದು. ಊಟ ಮಾಡದೆ ಹೋಗಿದ್ರೆ?"

ನಮ್ಮ ಕಡೆ ಮದುವೆಗೆ ಬಂದು ಉಣ್ಣದೆ ಹೋಗುವುದು, ಬಾರದೇ ಇರುವುದಕ್ಕಿಂತ ದೊಡ್ಡ ಸಿಟ್ಟು. ಇದಕ್ಕೆ ಯಾವ ಸ್ಕ್ಯಾನರ್ ಉತ್ತರ ಕೊಟ್ಟೀತು?

ದೊಡ್ಡಮ್ಮ ಕನ್ನಡಕ ಸರಿ ಮಾಡಿಕೊಂಡು ಪರದೆಯ ಹತ್ತಿರಕ್ಕೆ ಬಾಗಿದರು. ತುಂಬ ಹೊತ್ತು ನೋಡಿದರು.

"ಕೆನ್ನೆ ಉಬ್ಬಿದ್ದು ಕಾಣುದಿಲ್ವಾ ನಿಂಗೆ? ಬಾಯಿ ತುಂಬ ಎಲೆಯಡಿಕೆ. ಊಟ ಆಗದೆ ಅಪ್ಪ ಎಲೆಯಡಿಕೆ ಮುಟ್ಟಿದ್ದು ಉಂಟಾ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಅಕ್ಕನೇ ಸಾಕ್ಷಿ ಹೇಳಿದ ಮೇಲೆ ಇನ್ನೇನು ಬೇಕು?

ಆ ಆಟೋ ಆಫ್ ಮಾಡದಿದ್ದರೆ ಅಜ್ಜ ಇವತ್ತಿಗೂ ಉಪವಾಸ!