ಹದ್ದಿನ ಬಂಡೆ ದಾರಿಯ ಇಪ್ಪತ್ತನೆಯ ಸೊಪ್ಪು

ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇದ್ದಾಗ ನನ್ನನ್ನು ದೊಡ್ಡಬಳ್ಳಾಪುರ ತಾಲ್ಲೂಕಿಗೆ ವರ್ಗ ಮಾಡಿದರು. ಹುದ್ದೆ ಉಪ ವಲಯ ಅರಣ್ಯಾಧಿಕಾರಿ. ಜನರ ಬಾಯಲ್ಲಿ ಸೀದಾ ಫಾರೆಸ್ಟರ್. ತೂಬಗೆರೆ ಕಡೆಯ ಒಂದು ಗುಡ್ಡದಲ್ಲಿ ಆಗಷ್ಟೇ ಟ್ರೆಕ್ಕಿಂಗ್ ದಾರಿ ತೆರೆದಿದ್ದೆವು. ಕುರುಚಲು ಕಾಡಿನೊಳಗೆ ಮೂರು ಕಿಲೋಮೀಟರ್ ಹತ್ತಿದರೆ ಹದ್ದಿನ ಬಂಡೆ. ಅಲ್ಲಿಗೆ ಗುಡ್ಡ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಕಾಲಡಿಯಲ್ಲಿ ನೇರ ಇಳಿದ ಆಳವಾದ ಕೊರಕಲು, ತಳದಲ್ಲಿ ದಾರದಂಥ ಹಳ್ಳ, ಆಚೆಗೆ ಕೆರೆಗಳು, ದ್ರಾಕ್ಷಿ ತೋಟಗಳು. ಮೊದಲ ಸಲ ಬಂದವರು ಅಲ್ಲಿ ಮಾತು ನಿಲ್ಲಿಸುತ್ತಾರೆ, ಆಮೇಲೆ ಫೋನ್ ತೆಗೆಯುತ್ತಾರೆ.

ಆನ್‌ಲೈನ್ ಬುಕಿಂಗ್ ಇದ್ದವರಿಗೆ ಮಾತ್ರ ಪ್ರವೇಶ. ಗೇಟಿನಲ್ಲಿ ರಿಜಿಸ್ಟರ್ ಇಟ್ಟುಕೊಂಡು ಕೂರುವುದು ನನ್ನ ಕೆಲಸ. ಹತ್ತಿದ ತಲೆ, ಇಳಿದ ತಲೆ ತಾಳೆಯಾಗಬೇಕು. ಕೋಪ ನನಗೆ ಮೂಗಿನ ತುದಿಯಲ್ಲೇ ಇದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಸುಳ್ಳು ಹೇಳುವವಳಲ್ಲ.

ಜನರನ್ನು ಮೇಲಕ್ಕೆ ಕರೆದೊಯ್ಯುತ್ತಿದ್ದವನು ವಾಚರ್ ಮುನಿಯಣ್ಣ. ಚಿಕ್ಕಂದಿನಿಂದ ಅದೇ ಗುಡ್ಡದಲ್ಲಿ ಆಡು ಮೇಯಿಸಿದವನು. ದಾರಿಯ ನಡುವೆ ಸೊಪ್ಪಮ್ಮ ಎಂಬ ಒಂದು ಕಲ್ಲಿದೆ. ಗುಡಿಯಿಲ್ಲ, ಪೂಜಾರಿಯಿಲ್ಲ. ಹಾದುಹೋಗುವವರು ಒಂದು ಕುಡಿ ಹಸಿ ಸೊಪ್ಪು ಹಾಕಿ ಮುಂದೆ ಹೋಗಬೇಕು, ಅಷ್ಟೇ ಸೇವೆ. ಮುನಿಯಣ್ಣ ಟ್ರೆಕ್ಕಿಂಗಿಗೆ ಬಂದವರೆಲ್ಲರ ಕೈಯಲ್ಲೂ ಪಕ್ಕದ ಬಂದರಿಕೆ ಗಿಡದ ಕುಡಿ ಹಾಕಿಸುತ್ತಿದ್ದ. "ಕಾಡು ಕಾಯೋನೇ ಗಿಡ ಕೀಳಿಸ್ತೀಯಲ್ಲಯ್ಯಾ!" ಎಂದು ನಾನು ರೇಗಿದರೆ, "ಒಂದು ಕುಡಿ ಸಾರ್, ಆಯಮ್ಮ ಬೇರೇನು ಕೇಳ್ತಾಳೆ?" ಎನ್ನುತ್ತಿದ್ದ. ಒಣಗಿದ ಸೊಪ್ಪಿಗೆ ಬೆಂಕಿ ತಗುಲೀತೆಂದು ದಿನಾ ಬೆಳಿಗ್ಗೆ ಗುಡಿಸಿಹಾಕಲು ಹೇಳಿದೆ. ಅದನ್ನು ಮಾತ್ರ ಒಪ್ಪಿಕೊಂಡ.

ಒಂದು ದಿನ ಗುಡ್ಡದ ಬುಡದ ಹಳ್ಳಿಯ ನಂಜಮ್ಮ ಗೇಟಿಗೆ ಬಂದಳು. ಎಪ್ಪತ್ತರ ಆಸುಪಾಸು, ಗಟ್ಟಿ ಜೀವ.

"ಒಳೀಕ್ ಬಿಡು ಸಾಮಿ, ಒಂದು ಗಳಿಗೆ ಹೋಗ್ಬತ್ತೀನಿ."

"ಬುಕಿಂಗ್ ಇಲ್ಲದೆ ಬಿಡಲ್ಲ ಅಜ್ಜಿ. ಮೊಬೈಲ್ ಇದೆಯಾ?"

"ಮೊಬೈಲ್ ಇಲ್ಲ, ಎಮ್ಮೆ ಐತೆ."

ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಎಮ್ಮೆ ಎಂದಮೇಲೆ ಹುಲ್ಲಿಗೇ ಬಂದಿದ್ದಾಳೆ ಎಂದುಕೊಂಡೆ. ಅಲ್ಲಿ ಹುಲ್ಲು ಕೊಯ್ಯುವುದನ್ನು ನಿಲ್ಲಿಸಿದ್ದೆವು. ಯಾಕೆ ಬಂದೆ ಎಂದು ಕೇಳುವ ವ್ಯವಧಾನ ನನಗಿರಲಿಲ್ಲ. ವಾಪಸ್ ಕಳಿಸಿಬಿಟ್ಟೆ.

ಮೂರು ವಾರ ಕಳೆದು ಒಂದು ಭಾನುವಾರ, ಚಳಿಗಾಲ. ಹದಿನೆಂಟು ಜನ ಹತ್ತಿದರು, ಮಧ್ಯಾಹ್ನ ನಾಲ್ಕಕ್ಕೆ ಹದಿನೆಂಟೂ ಜನ ಇಳಿದರು. ರಿಜಿಸ್ಟರ್ ಮುಚ್ಚಿ ಬೈಕಿನ ಕೀ ತೆಗೆದೆ. ಮುನಿಯಣ್ಣ ಮಾತ್ರ ಗೇಟು ಹಿಡಿದುಕೊಂಡು ನಿಂತೇ ಇದ್ದ.

"ಸಾರ್, ಒಬ್ರು ಮೇಲೇ ಅವ್ರೆ."

"ಕಣ್ಣೆದುರಿಗೆ ಎಣಿಸಿದೀನಲ್ಲೋ!"

"ನೀವು ತಲೆ ಎಣಿಸಿದ್ರಿ. ನಾನು ಬರೋವಾಗ ಸೊಪ್ಪು ಎಣಿಸ್ದೆ. ಅವ್ರು ಹದಿನೆಂಟು, ನಂದೊಂದು, ಹತ್ತೊಂಬತ್ತಾಗ್ಬೇಕು. ಇಪ್ಪತ್ತೈತೆ."

"ಯಾರೋ ಎರಡು ಹಾಕಿರ್ತಾರೆ, ಹೋಗಯ್ಯಾ."

"ಆ ಒಂದು ಹೊಂಗೆ ಸಾರ್. ನಮ್ಮ ಗುಡ್ಡದಾಗೆ ಹೊಂಗೆ ಎಲ್ಲೈತೆ? ಊರಿಂದ ಕಿತ್ಕೊಂಡು ಬಂದವ್ರೆ. ಬೆಳಿಗ್ಗೆ ಗುಡಿಸ್ದಾಗ ಇರ್ಲಿಲ್ಲ. ಎಲೆ ಇನ್ನೂ ಬಾಡಿಲ್ಲ, ಬೇರೆ ಯಾರೂ ಇಳಿದಿದ್ದು ನಾನು ಕಾಣ್ಲಿಲ್ಲ."

ಬೈಕಿನ ಕೀ ಜೇಬಿಗೆ ಹಾಕಿದೆ. ಇನ್ನೆರಡು ಗಂಟೆಗೆ ಕತ್ತಲು. ಹಿಂದಿನ ವಾರವಷ್ಟೇ ಆ ದಾರಿಯಲ್ಲಿ ಚಿರತೆಯ ಹೆಜ್ಜೆ ನೋಡಿದ್ದೆವು. ಅದಕ್ಕಿಂತ ಹೆಚ್ಚಿನ ಭಯ ಆ ಕೊರಕಲಿನದು. ಬಂಡೆಯ ಅಂಚಿನಲ್ಲಿ ಕಾಲು ಜಾರಿದರೆ ಹುಡುಕುವುದಕ್ಕೂ ಏನೂ ಉಳಿಯುವುದಿಲ್ಲ. ಇಬ್ಬರೂ ಹತ್ತಿದೆವು. ನನ್ನ ಮಂಡಿನೋವು ಆವತ್ತು ಎಲ್ಲಿ ಹೋಗಿತ್ತೋ ದೇವರೇ ಬಲ್ಲ. ಮುನಿಯಣ್ಣ ತಿರುವಿಗೊಮ್ಮೆ ನಿಂತು "ಓ..." ಎಂದು ಕೂಗುತ್ತಿದ್ದ. ಉತ್ತರವೇ ಇರಲಿಲ್ಲ. ಕೊನೆಯ ಏರಿನಲ್ಲಿ, ಗಾಳಿ ನಿಂತಾಗ, ಸಣ್ಣಗೆ "ಇಲ್ಲಿವ್ನಿ ಕಣಪ್ಪಾ" ಎಂದು ಕೇಳಿಸಿತು.

ಬಂಡೆಯ ಅಂಚಿನಿಂದ ನಾಲ್ಕು ಮಾರು ಈಚೆ ನಂಜಮ್ಮ ಕಾಲು ಚಾಚಿ ಕೂತಿದ್ದಳು. ಪಾದ ಊದಿ ಕುಂಬಳಕಾಯಿಯಾಗಿತ್ತು. ಹಳ್ಳಿ ಕಡೆಯ ಕಾಲುದಾರಿಯಲ್ಲಿ ಬಂದು, ಸೊಪ್ಪಮ್ಮನಿಗೆ ಹೊಂಗೆ ಕುಡಿ ಹಾಕಿ ಹತ್ತಿದವಳು, ಬೈದಾರೆಂದು ಹೆದರಿ, ಟ್ರೆಕ್ಕಿಂಗಿನವರೆಲ್ಲ ಇಳಿಯುವವರೆಗೆ ಪೊದೆಯ ಮರೆಯಲ್ಲಿ ಕೂತಿದ್ದಳಂತೆ. ಎಲ್ಲರೂ ಹೋದ ಮೇಲೆ ಅಂಚಿಗೆ ಬಂದು ನೋಡಿ, ತಿರುಗುವಾಗ ಕಾಲು ಹೊರಳಿದೆ.

ಅವಳು ಬದುಕಿದ್ದಾಳೆ ಎಂಬ ಸಂತೋಷಕ್ಕೇ ನನಗೆ ಕೋಪ ಉಕ್ಕಿಬಂತು. "ಹುಲ್ಲಿಗೋಸ್ಕರ ಪ್ರಾಣ ಕಳ್ಕೋತೀಯೇನಜ್ಜಿ? ನಿನ್ನ ಕುಡುಗೋಲೆಲ್ಲಿ?"

"ಯಾವ ಹುಲ್ಲು? ನಾನ್ಯಾಕೆ ಕುಡ್ಲು ತರ್ಲಿ?" ಅವಳಿಗೂ ಕೋಪ ಬಂತು. "ವಾರ ವಾರ ಕಾರಲ್ಲಿ ಜನ ಬತ್ತಾರೆ. ಏನ್ ನೋಡಾಕಪ್ಪಾ ಬತ್ತಾರೆ ಅಂತ ನಂಗೂ ಆಸೆ ಆಗಲ್ವಾ? ಮದ್ವೆ ಆಗಿ ಬಂದಾಗಿಂದ ಇದೇ ಗುಡ್ಡದಾಗೆ ಸೌದೆ ಆಯ್ದಿವ್ನಿ. ಸೌದೆ ಹೊರೆ ಹೊತ್ತೋಳು ನೆಲ ನೋಡ್ಕೊಂಡು ಇಳೀತಾಳೆ. ಈ ಕಡೀಕ್ ತಿರುಗಿ ನೋಡಿದ್ದು ಇವತ್ತೇ."

ಮುನಿಯಣ್ಣ ಟವೆಲ್ಲಿನಿಂದ ಅವಳ ಕಾಲು ಬಿಗಿದು ಕಟ್ಟಿ, ಬೆನ್ನು ಬಗ್ಗಿಸಿ, ಉಪ್ಪುಮೂಟೆ ಮಾಡಿಕೊಳ್ಳಲು ಕೂತ. ಅವಳು ಹತ್ತಲಿಲ್ಲ.

"ಒಂಚೂರು ತಡಿಯಪ್ಪಾ. ಅಗೋ ನೋಡು ಸಾಮಿ, ಕೆರೆ ಏರಿ ಪಕ್ಕ, ಬಿಳೀ ಶೀಟು. ಅದೇ ನಮ್ಮನೆ. ಅಯ್ಯಯ್ಯಪ್ಪಾ, ಎಷ್ಟು ಚಿಕ್ಕದೈತೆ! ಅದರೊಳಗೆ ನಂಗೂ ನಮ್ಮತ್ತೆಗೂ ಎಷ್ಟೊಂದು ಜಗಳ ಆಯ್ತಪ್ಪಾ!"

ಹಾಗೆಂದು ನಕ್ಕಳು. ಕೊರಕಲಿನ ಎದುರು ಗೋಡೆಯ ಮೇಲೆ ಸಂಜೆ ಬಿಸಿಲು ಕೆಂಪಗೆ ಬಿದ್ದಿತ್ತು. ಆ ಬಂಡೆಗೆ ನಾನು ಎಷ್ಟೋ ಸಲ ಬಂದಿದ್ದೆ, ಬಂದಾಗಲೆಲ್ಲ ಪ್ಲಾಸ್ಟಿಕ್ ಬಾಟಲಿ ಹುಡುಕುವುದೇ ಆಗಿತ್ತು. ಆವತ್ತು ಐದು ನಿಮಿಷ ಅವಳ ಪಕ್ಕ ಕೂತೆ. ಬಾಯಿಬಿಟ್ಟು ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು.

ಸರದಿಯ ಮೇಲೆ ಹೊತ್ತು ಇಳಿಸಿದೆವು. ನನ್ನ ಬೆನ್ನ ಮೇಲಿದ್ದಾಗ, "ಸಾಮಿ ಏದುಸಿರು ಬಿಡ್ತದಲ್ಲೋ ಮುನಿಯ, ಇಳಿಸ್ಕೊಳೋ" ಎಂದು ತಮಾಷೆ ಬೇರೆ. ಗೇಟು ತಲುಪುವಾಗ ಮಬ್ಬುಗತ್ತಲು. ಇಲಾಖೆಯ ಜೀಪು ತರಿಸಿ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದೆವು. ಮೂಳೆ ಮುರಿದಿರಲಿಲ್ಲ.

ಮಾರನೆಯ ದಿನ ಘಟನೆಯ ವರದಿ ಬರೆಯಬೇಕಾಯಿತು. ಗೇಟಿನಲ್ಲಿ ಅವಳನ್ನು ಕೇಳದೆ ಕಳಿಸಿದ್ದು ನನ್ನದೇ ತಪ್ಪೆಂದು ಮೊದಲೇ ಬರೆದೆ. ನಮೂನೆಯಲ್ಲಿ 'ಪ್ರವೇಶದ ಉದ್ದೇಶ' ಎಂಬ ಕಾಲಂ ಇದೆ. ಹಳ್ಳಿಯವರ ವಿಷಯದಲ್ಲಿ ಅಲ್ಲಿ ನಾನು ಬರೆದದ್ದೆಲ್ಲ ಸೌದೆ, ಹುಲ್ಲು, ಮೇವು, ಜೇನು. ಕಾಡಿನ ಬುಡದಲ್ಲಿ ಬದುಕುವವರಿಗೂ ಕಾಡನ್ನು ಸುಮ್ಮನೆ ನೋಡುವ ಆಸೆ ಇದ್ದೀತು ಎಂಬುದು ಇಡೀ ನೌಕರಿಯಲ್ಲಿ ನನ್ನ ತಲೆಗೆ ಬಂದಿರಲಿಲ್ಲ. ಆ ಕಾಲಮ್ಮಿನಲ್ಲಿ 'ನೋಡಲು' ಎಂದಷ್ಟೇ ಬರೆದೆ.

ನಮ್ಮ ವಲಯ ಅರಣ್ಯಾಧಿಕಾರಿ ಸಾಹೇಬರು ಓದಿ ಕನ್ನಡಕ ತೆಗೆದರು. "ಇದೇನ್ರೀ, ಎಪ್ಪತ್ತು ವರ್ಷದ ಮುದುಕಿ, ಬರೀ ನೋಡೋದಕ್ಕೆ ಬಂದಿದ್ಲಾ?"

"ಹೌದು ಸಾರ್. ನಾವು ಬಿಡ್ಲಿಲ್ಲ, ಅದಕ್ಕೇ ಕದ್ದು ಬಂದ್ಲು."