ಗುಡ್ಡವಿಲ್ಲದ ಬೆಟ್ಟ

ಟುರ್‍ರ್... ಹಾಯ್! ಕುರಿ ತಿರುಗಿಸುವ ಆ ಸದ್ದು ಶಿರಸಿಯ ಈ ಮೂಡಣ ಅಂಚಿನಲ್ಲಿ ಕಿವಿಗೆ ಬಿದ್ದಾಗ ನಿಜಕ್ಕೂ ಶಾಕ್ ಆಯಿತು. ಅದು ನಮ್ಮ ರೋಣದ ಬಯಲಿನ ಸದ್ದು.

ನಮ್ಮ ಬೋರ್ ಬತ್ತಿದ ಮೇಲೆ ತಂಗಿಯ ಮಗಳ ಆಸರೆಗೆ ಇಲ್ಲಿಗೆ ಬಂದು ಬಾಡಿಗೆಗಿದ್ದೇನೆ. ಅಲ್ಲಿ ಕೊಡ ನೀರಿಗೆ ಕ್ಯೂ. ಇಲ್ಲಿ ಪಾತ್ರೆ ತೊಳೆದ ನೀರು ಚೆಲ್ಲುವಾಗ ಈಗಲೂ ಗಿಲ್ಟಿ ಅನಿಸುತ್ತದೆ. ತಂಬುಳಿ ಮಾಡಲು ಕಲಿತೆ. ಆದರೆ ನಾನು ಕಾನ್ವೆಂಟಿನಲ್ಲಿ ಕಲಿಸುತ್ತಿದ್ದ ಇಂಗ್ಲಿಷಿಗೂ ನಮ್ಮೂರ ಕನ್ನಡಕ್ಕೂ ದಕ್ಕದ ಪದವೊಂದಿತ್ತು: ಬೆಟ್ಟ. ಇಲ್ಲಿ ಬೆಟ್ಟವೆಂದರೆ ಗುಡ್ಡವಲ್ಲ, ತೋಟಕ್ಕೆ ಸೊಪ್ಪು ತರಲು ಮನೆತನಗಳಿಗೆ ಬಿಟ್ಟ ಕಾಡು. ಸಪಾಟಾಗಿದ್ದರೂ ಬೆಟ್ಟವೇ.

ಕುರಿಗಾಹಿ ನಿಂಗವ್ವ ನನ್ನ ವಯಸ್ಸಿನವಳು. ಪ್ರತಿವರ್ಷ ಭತ್ತದ ಕೊಯ್ಲಾದ ಮೇಲೆ ಬನವಾಸಿ ಕಡೆಯ ರೈತರೇ ಕರೆದು, ಗೊಬ್ಬರಕ್ಕೆಂದು ಗದ್ದೆಯಲ್ಲಿ ರಾತ್ರಿ ಅವಳ ಕುರಿ ತರುಬಿ ನಿಲ್ಲಿಸಿಕೊಳ್ಳುತ್ತಿದ್ದರಂತೆ. ಈ ಸಲ ನಮ್ಮ ಬಯಲಿನಲ್ಲಿ ಮಳೆ ಕಾಲ ತಪ್ಪಿ, ಹುಲ್ಲು ಸತ್ತು, ಕೊಯ್ಲಿಗೆ ಮುಂಚೆಯೇ ಹೊರಟು, ಗದ್ದೆ ಖಾಲಿಯಿಲ್ಲದೆ ಮೊದಲ ಸಲ ಈ ತೋಟದ ಊರಿಗೆ ಬಂದಿದ್ದಳು. ತೋಟದ ಹೆಗಡೆಯವರು, “ಕೆರೆ ಪಕ್ಕ ಇರಿ, ಬೆಟ್ಟಕ್ಕೆ ಮಾತ್ರ ಬಿಡಬೇಡಿ” ಎಂದಿದ್ದರು. ಅವಳು ಗುಡ್ಡ ಹುಡುಕಿದಳು, ಕಾಣಲಿಲ್ಲ. ಸಪಾಟು ಕಾಡಿಗೆ ಕುರಿ ಬಿಟ್ಟಳು. ಚಿಗುರೆಲ್ಲ ಹೋಯಿತು.

ಕೆರೆಕಟ್ಟೆಯ ಬಳಿ ಜನ ಸೇರಿದರು.

“ಕಿವಿಗೆ ಎಂತ ಆಗಿತ್ತು ಮಾರಾಯ್ತಿ?” ಹೆಗಡೆಯವರು ರೇಗಿದರು.

“ಬೆಟ್ಟ ಎಲ್ಲೈತ್ರಿ ಯಪ್ಪಾ? ಕುತ್ತಿಗಿ ನೋಯೂಮಟ ಮ್ಯಾಲೆ ನೋಡೇನಿ!”

ಎಲ್ಲರೂ ನಕ್ಕರು. ಹೆಗಡೆಯವರೂ ನಕ್ಕರು. ಇನ್ನು ಪ್ರಾಬ್ಲೆಮ್ ಮುಗಿಯಿತು ಅಂದುಕೊಂಡೆ. ಆಗ ಯಾರೋ ಕೆರೆ ತೋರಿಸಿದರು. ಇಲ್ಲಿಯ ಮಳೆಯೂ ಈಗ ಮೊದಲಿನಂತಿಲ್ಲ. ನೀರು ಆಗಲೇ ಕೆಳಮೆಟ್ಟಿಲಿಗೆ ಇಳಿದಿತ್ತು.

ಹೆಗಡೆಯವರ ದನಿ ಮೆತ್ತಗಾಯಿತು. “ನಮ್ಮ ದನಕ್ಕೇ ಬೇಸಿಗೆವರೆಗೆ ಬರೂದಿಲ್ಲ.” ನನ್ನ ಕಡೆ ತಿರುಗಿದರು. “ಟೀಚರಮ್ಮಾ, ನೀವು ಈಗ ನಮ್ಮೂರವ್ರು ಅಲ್ದಾ? ಅವಳ ಮಾತು ನಿಮಗೆ ಗೊತ್ತು. ನೀವೇ ಹೇಳಿ.”

ನಮ್ಮೂರವರು. ಬಂದಾಗಿನಿಂದ ಆ ಒಂದು ಮಾತಿಗೆ ಕಾದಿದ್ದೆ.

“ನಿಂಗವ್ವಾ, ಈ ಕೆರಿ ನೀರು ಕೊಡೂದಿಲ್ಲವ್ವಾ,” ಎಂದೆ. “ಹೊಂಡ್ರಿ.”

ಅವಳು ಕಂಬಳಿ ಹೆಗಲಿಗೇರಿಸಿದಳು.

ಮರುದಿನ ಬನವಾಸಿ ರಸ್ತೆಯಲ್ಲಿ ಹಿಂಡು ಮೂಡಣಕ್ಕೆ, ಹುಲ್ಲಿಲ್ಲದ ಕಡೆಗೇ, ನಡೆದಿತ್ತು. ನಿಂಗವ್ವನ ಜೋಳಿಗೆಯಿಂದ ಎಳೆಮರಿಯೊಂದು ತಲೆ ಹೊರಹಾಕಿತ್ತು. ನನ್ನನ್ನು ಕಂಡು ನಿಂತಳು.

“ಅವರು ಅಂದಿದ್ರ ಜಗಳಾ ಮಾಡ್ತಿದ್ದೆ ಯವ್ವಾ. ನೀ ನಮ್ಮ ಮಾತಿನಾಗ ಅಂದಿ. ಏನ್ ಮಾಡ್ಲಿ?”

ಮರಿಯ ತಲೆಯನ್ನು ಮೆಲ್ಲಗೆ ಒಳಕ್ಕೆ ಒತ್ತಿ, ಕುರಿಗಳ ಹಿಂದೆ ಹೋದಳು. ಮತ್ತೆ ನಾನು ಅವಳನ್ನು ನೋಡಲಿಲ್ಲ.