ಟಿಕೆಟ್ ತೆಗೆದುಕೊಂಡು ಅವ್ವನ ಬಳಿಗೆ

ಕೊಡ್ಲಿಪೇಟೆಯಿಂದ ಬೆಳಿಗ್ಗೆಯ ಬಸ್ಸಿಗೆ ಹೊರಟೆ. ಶನಿವಾರಸಂತೆಯಲ್ಲಿ ಅಕ್ಕ ಹತ್ತಿದಳು. ಒಂದು ಕೈಯಲ್ಲಿ ರೊಟ್ಟಿಯ ಡಬ್ಬಿ, ಇನ್ನೊಂದರಲ್ಲಿ ಸೇವಂತಿಗೆಯ ಪೊಟ್ಟಣ. ಚೀಲದಿಂದ ಕುಡುಗೋಲಿನ ಹಿಡಿ ಇಣುಕುತ್ತಿತ್ತು.

"ಅದ್ಯಾಕಕ್ಕ?" ಎಂದೆ.

"ಮೂರು ವರ್ಷ ಆಯ್ತಲ್ಲೋ ನಂಜ, ಕಾಡು ಬೆಳ್ಕೊಂಡಿರುತ್ತೆ" ಎಂದಳು.

ನಾವು ಹೊರಟಿದ್ದು ಕುಟ್ಟದ ಹತ್ತಿರದ ಒಂದು ಕಾಫಿ ಎಸ್ಟೇಟಿಗೆ. ಜಿಲ್ಲೆಯ ಉತ್ತರದ ತುದಿಯಿಂದ ದಕ್ಷಿಣದ ತುದಿಗೆ. ಅಪ್ಪ ಅಲ್ಲಿ ಇಪ್ಪತ್ತೆಂಟು ವರ್ಷ ರೈಟರ್ ಆಗಿದ್ದರು. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಸಂಜೆ ಪಿಕಿಂಗ್ ಮುಗಿದ ಮೇಲೆ ಕಿತ್ತ ಕಾಫಿ ಹಣ್ಣು ಅಳೆಸುವುದು ಅವರ ಕೆಲಸ. ನಾನೂ ಅಕ್ಕನೂ ಹುಟ್ಟಿದ್ದು ಅಲ್ಲಿ ಆಳುಗಳಿಗೆಂದು ಸಾಲಾಗಿ ಕಟ್ಟಿದ್ದ ಲೈನ್ ಮನೆಯಲ್ಲೇ. ನನಗೆ ಒಂಬತ್ತು ತುಂಬಿದಾಗ ಅವ್ವ ತೀರಿಕೊಂಡಳು. ತೋಟದ ನಡುವೆ ಹರಿಯುವ ಸಣ್ಣ ತೋಡಿನ ಆಚೆ, ನೇರಳೆ ಮರದ ಬುಡದಲ್ಲಿ ಮಣ್ಣು ಮಾಡಿದರು. ಅಪ್ಪ ಕೆಲಸ ಬಿಟ್ಟು ಊರಿಗೆ ಬಂದ ಮೇಲೂ, ಅವರು ಹೋದ ಮೇಲೂ, ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಹೂವಿಟ್ಟು ಬರುತ್ತಿದ್ದೆವು. ಹಳೆಯ ಸಾಹುಕಾರರು ಯಾವತ್ತೂ ಬೇಡವೆನ್ನಲಿಲ್ಲ. ಬಂಗಲೆಯ ಹಿಂಬಾಗಿಲಲ್ಲಿ ಕೂರಿಸಿ ಕಾಫಿ ಕೊಡಿಸುತ್ತಿದ್ದರು.

ಮೂರು ವರ್ಷದ ಕೆಳಗೆ ಎಸ್ಟೇಟನ್ನು ಒಂದು ದೊಡ್ಡ ಕಂಪನಿ ಕೊಂಡಿತು. ಕಬ್ಬಿಣದ ಗೇಟು ಬಂತು. ಗೇಟಿನಲ್ಲಿ ಕೇಳಿದರೆ ಹೆಡ್ಡಾಫೀಸಿಗೆ ಬರೆಯಿರಿ ಅಂದರು. ಬರೆದೆ. 'ನಿಮ್ಮ ಮಾತು ನಮಗೆ ಅಮೂಲ್ಯ' ಎಂದು ಉತ್ತರ ಬಂತು, ಮತ್ತೇನೂ ಬರಲಿಲ್ಲ. ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎನ್ನುತ್ತಿತ್ತು. ನನ್ನ ಹೊಲಿಗೆ ಅಂಗಡಿಯಲ್ಲಿ ಗಿರಾಕಿಗಳನ್ನು ನಿಲ್ಲಿಸಿಕೊಂಡು ಒತ್ತುತ್ತಾ ಕೂತೆ. ಸರ್ಕಾರಿ ಕಚೇರಿಯಲ್ಲಿ, "ಅದು ಖಾಸಗಿ ಜಾಗ. ಸಮಾಧಿ ಇದೆ ಅನ್ನೋಕೆ ದಾಖಲೆ ಇದ್ಯಾ?" ಎಂದರು. ಅವ್ವನನ್ನು ಮಣ್ಣು ಮಾಡಿದ ದಿನ ಯಾರು ದಾಖಲೆ ಬರೆಸುತ್ತಾರೆ? ಕೊನೆಗೆ ಒಂದು ಪತ್ರಿಕೆಗೆ ಎರಡು ಪುಟದ ಪತ್ರ ಕಳಿಸಿದೆ. ಎರಡು ಸಾಲು ಮಾಡಿ ಹಾಕಿದರು. ಅದರಲ್ಲಿ ಎಸ್ಟೇಟಿನ ಹೆಸರಿರಲಿಲ್ಲ. ಪಕ್ಕದ ಅರ್ಧ ಪುಟ ಅದೇ ಕಂಪನಿಯ ಜಾಹೀರಾತು.

ಅಷ್ಟರಲ್ಲಿ ಅಕ್ಕನ ಮಗಳು ಫೋನಿನಲ್ಲಿ ನೋಡಿ ಹೇಳಿದಳು: "ಮಾವ, ನಿಮ್ಮ ಎಸ್ಟೇಟಿಗೆ ಟಿಕೆಟ್ ಕೊಡ್ತಾರೆ!" ಪ್ರವಾಸಿಗರಿಗೆ ತೋಟ ಸುತ್ತಿಸುತ್ತಾರಂತೆ. ತಲೆಗೆ ಆರುನೂರು, ಕಾಫಿ ಸೇರಿ.

ಮಡಿಕೇರಿಯಲ್ಲಿ ಬಸ್ಸು ಬದಲಿಸಿ, ವಿರಾಜಪೇಟೆಯ ಮೇಲೆ ಗೋಣಿಕೊಪ್ಪ ಮುಟ್ಟುವಾಗ ಮೂರು ಗಂಟೆ ದಾಟಿತ್ತು. ಒಂದು ಲಾಡ್ಜಿನಲ್ಲಿ ಉಳಿದೆವು. ಮರುದಿನ ಪುಟ್ಟು, ಕಡಲೆ ಸಾರು ತಿಂದು ಕುಟ್ಟದ ಬಸ್ಸು ಹಿಡಿದೆವು. ಹಿಂದಿನ ವಾರವಷ್ಟೇ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದಿತ್ತು. ರಸ್ತೆಯ ಎರಡೂ ಬದಿ ಕಾಫಿ ಗಿಡಗಳು ಬೆಳ್ಳಗಾಗಿದ್ದವು. ಕಿಟಕಿಯಿಂದ ಆ ಹೂವಿನ ವಾಸನೆ ಬಂದದ್ದೇ ಅಕ್ಕ ಗಾಜನ್ನು ಪೂರ್ತಿ ಸರಿಸಿದಳು. ಹೂ ಬಿಟ್ಟ ದಿನಗಳಲ್ಲಿ ಅವ್ವ ನಮ್ಮನ್ನು ಗಿಡದ ಹತ್ತಿರ ಆಡಲು ಬಿಡುತ್ತಿರಲಿಲ್ಲ. ಹೂ ಉದುರಿದರೆ ಅಪ್ಪನಿಗೆ ಬೈಗುಳ ಎನ್ನುತ್ತಿದ್ದಳು.

ಗೇಟಿನಲ್ಲಿ ಚೀಲ ತಪಾಸಣೆ ಮಾಡಿ ಕುಡುಗೋಲು ತೆಗೆದಿಟ್ಟುಕೊಂಡರು. ನನ್ನ ಮೊಬೈಲ್ ನಂಬರ್ ಬರೆದುಕೊಂಡು ಕೈಗೆ ಹಸಿರು ಪಟ್ಟಿ ಕಟ್ಟಿದರು. ನಮ್ಮ ಜೊತೆ ಮೈಸೂರಿನ ಗಂಡ ಹೆಂಡತಿ ಇದ್ದರು. ತೋಟ ತೋರಿಸುವವನು ಸುರೇಶ, ಮೂವತ್ತೈದರ ಆಸುಪಾಸಿನವನು.

ಕಾಫಿ ಒಣಗಿಸುವ ಕಣ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ ಮುಗಿಸಿ ಲೈನ್ ಮನೆಗಳ ಮುಂದೆ ನಿಲ್ಲಿಸಿದ. ಹತ್ತರಲ್ಲಿ ಒಂದನ್ನು ಸುಣ್ಣ ಬಳಿದು ಪ್ರದರ್ಶನಕ್ಕೆ ಇಟ್ಟಿದ್ದರು. ಒಳಗೆ ಒಂದು ಕಂಬಳಿ, ಒಂದು ಹಿತ್ತಾಳೆ ಕೊಡ.

"ಹಿಂದೆ ಇಲ್ಲಿ ಒಂದೊಂದು ಕೋಣೇಲಿ ಮೂರು ನಾಲ್ಕು ಜನ ಆರಾಮಾಗಿ ಇರ್ತಿದ್ರು" ಎಂದ ಸುರೇಶ.

"ಒಂದೊಂದ್ರಲ್ಲಿ ಏಳು ಜನ" ಎಂದಳು ಅಕ್ಕ. "ಮಳೆಗಾಲದಲ್ಲಿ ಆ ಮೂಲೆ ಸೋರೋದು. ಹಿತ್ತಾಳೆ ಕೊಡ ಎಲ್ಲಿತ್ತಪ್ಪ, ಮಣ್ಣಿನ ಗಡಿಗೆ."

ಸುರೇಶ ತಿರುಗಿದ. "ನೀವು ಯಾರಮ್ಮ?"

"ರೈಟರ್ ಬಸಪ್ಪನ ಮಗಳು."

"ಹಾಜರಿಗೆ ಐದು ನಿಮಿಷ ತಡ ಆದ್ರೆ ವಾಪಸ್ ಕಳಿಸ್ತಿದ್ರಲ್ಲ, ಆ ರೈಟರಾ? ನಮ್ಮಮ್ಮ ಈಗ್ಲೂ ಬಯ್ತಾರೆ!"

"ಅವ್ರೇ" ಎಂದಳು ಅಕ್ಕ. ಇಬ್ಬರೂ ನಕ್ಕರು. ಆಮೇಲೆ ಅಕ್ಕ ಹೂವಿನ ಪೊಟ್ಟಣ ತೋರಿಸಿ ನೇರಳೆ ಮರದ ವಿಷಯ ಹೇಳಿದಳು. ಸುರೇಶನ ನಗು ನಿಂತಿತು.

"ಆ ಕಡೆ ನಮ್ಮ ರೂಟಿನಲ್ಲಿ ಇಲ್ಲಮ್ಮ. ಕ್ಯಾಮೆರಾ ಉಂಟು. ನನ್ನ ಕೆಲಸ ಹೋಗ್ತದೆ."

"ನಿನ್ನ ಅನ್ನ ಕಳೆಯೋಕೆ ಬಂದೋಳಲ್ಲ ಬಿಡಪ್ಪ" ಎಂದು ಅಕ್ಕ ಲೈನ್ ಮನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅದೇ ಮೆಟ್ಟಿಲ ಮೇಲೆ ಅವ್ವ ಅವಳಿಗೆ ಜಡೆ ಹೆಣೆಯುತ್ತಿದ್ದಳು.

ಆಗ ಮೈಸೂರಿನ ಹೆಂಗಸು ಮುಂದೆ ಬಂದರು. "ಸುರೇಶ್, ನಮಗೆ ಆ ತೋಡು ನೋಡಬೇಕು. ಗೆಸ್ಟ್ ಕೇಳಿದ್ರು ಅಂತ ಹೇಳಿ. ದುಡ್ಡು ಕೊಟ್ಟಿದ್ದೀವಲ್ಲ?"

ಸುರೇಶ ವಾಕಿಟಾಕಿಯಲ್ಲಿ ಮಾತಾಡಿದ. ಒಂದೇ ನಿಮಿಷದಲ್ಲಿ ಒಪ್ಪಿಗೆ ಬಂತು. ಮೂರು ವರ್ಷ ಅವ್ವನ ಮಕ್ಕಳಾಗಿ ಕೇಳಿದ್ದಕ್ಕೆ ಸಿಗದದ್ದು ಗಿರಾಕಿಗಳಾಗಿ ಕೇಳಿದಾಗ ಸಿಕ್ಕಿತು.

ಮರ ಇತ್ತು. ನಾನು ಅಂದುಕೊಂಡದ್ದಕ್ಕಿಂತ ದಪ್ಪವಾಗಿತ್ತು. ಬುಡದಲ್ಲಿ ಎದೆಯೆತ್ತರ ಲಂಟಾನದ ಮುಳ್ಳುಪೊದೆ. ಅಕ್ಕ ಸೆರಗು ಸಿಕ್ಕಿಸಿ ಬರಿಗೈಯಲ್ಲೇ ಕೀಳತೊಡಗಿದಳು. ನಾನೂ ಕಿತ್ತೆ. ಸ್ವಲ್ಪ ಹೊತ್ತು ನಿಂತು ನೋಡಿದ ಸುರೇಶ ಸೊಂಟದ ಕತ್ತಿ ತೆಗೆದು ಬಂದ. ಮೈಸೂರಿನವರು ಚಪ್ಪಲಿ ಬಿಟ್ಟು ದೂರ ನಿಂತರು. ಅಪ್ಪ ನೆಟ್ಟಿದ್ದ ಕಲ್ಲು ಕಾಣಿಸಿತು. ಅಕ್ಕ ಅಂಗೈಯಿಂದ ಪಾಚಿ ಉಜ್ಜಿ ಹೂವಿಟ್ಟಳು. "ತಡ ಆಯ್ತು ಕಣವ್ವ" ಎಂದಳು, ಅಷ್ಟೆ.

ಹೊರಡುವಾಗ ಸುರೇಶ ದನಿ ತಗ್ಗಿಸಿ ಹೇಳಿದ: "ಆಫೀಸಿಗೆ ಕಾಗದ ಹಾಕ್ಬೇಡಿ ಅಣ್ಣ. ಕೇಳಿದ್ರೆ ಇಲ್ಲ ಅಂತಾರೆ. ಬರೋ ವರ್ಷ ಟಿಕೆಟ್ ತಕೊಂಡೇ ಬನ್ನಿ. ಬುಡದ ಕಾಡು ನಾನು ಕಡಿದಿಡ್ತೇನೆ."

ಮಧ್ಯಾಹ್ನದ ಬಸ್ಸು ಕುಟ್ಟ ಬಿಡುತ್ತಿದ್ದಂತೆ ನನ್ನ ಫೋನಿಗೆ ಕಂಪನಿಯ ಸಂದೇಶ ಬಂತು.

"ಏನಂತೆ?" ಎಂದಳು ಅಕ್ಕ. ಅವಳ ಅಂಗೈಯಲ್ಲಿ ಮುಳ್ಳು ಗೀರಿದ ಗೆರೆಗಳಿದ್ದವು.

"ಹೋಗಿ ಬಂದದ್ದು ಹೇಗಿತ್ತು ಅಂತ ಕೇಳ್ತಾರೆ."

ಅವಳು ಕಿಟಕಿಯ ಹೊರಗೆ ನೋಡುತ್ತಾ ಯೋಚಿಸಿದಳು. "ಅವ್ವ ಚೆನ್ನಾಗಿದ್ದಾಳೆ ಅಂತ ಬರಿ."

ಬರೆಯಲು ಅಲ್ಲಿ ಜಾಗವೇ ಇರಲಿಲ್ಲ. ಒತ್ತಲು ಐದು ನಕ್ಷತ್ರಗಳಿದ್ದವು.

"ಬರೆದೆಯೇನೋ?"

"ಬರೆದೆ ಅಕ್ಕ" ಎಂದು ಫೋನನ್ನು ಜೇಬಿಗಿಟ್ಟುಕೊಂಡೆ.